ಒಳಕೋಣೆಯ ಸದ್ದು

ಕಳೆದ ದಸರೆಯ ರಜೆಯಲ್ಲಿ ನನ್ನ ತಮ್ಮನ ಮಗ ಬೆಂಗಳೂರಿನಿಂದ ಬಾಗೂರಿಗೆ ಬಂದವನು, ಬಟ್ಟೆಯ ಚೀಲಕ್ಕಿಂತ ಮೊದಲು ಇಳಿಸಿದುದು ತನ್ನ ಪ್ಲೇಸ್ಟೇಷನ್ ಎಂಬ ಆಟದ ಯಂತ್ರವನ್ನು. ರಾತ್ರಿ ಅದನ್ನು ನಡುಮನೆಯ ಟಿ.ವಿ.ಗೆ ಜೋಡಿಸಿ, ದೀಪವಾರಿಸಿ, ‘ಏಲಿಯನ್: ಐಸೊಲೇಷನ್’ ಎಂಬ ಆಟಕ್ಕೆ ಕುಳಿತನು. 2014ರಲ್ಲಿ ಹೊರಬಂದ, ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆಯವರ ಆಟವಿದು. ಅಂತರಿಕ್ಷದಲ್ಲೊಂದು ಹಾಳುಬೀಳುತ್ತಿರುವ ನಿಲ್ದಾಣ. ಅದರಲ್ಲಿ ಅಮಾಂಡಾ ರಿಪ್ಲಿ ಎಂಬ ಹೆಣ್ಣುಮಗಳು. ಅವಳನ್ನು ಅರಸುತ್ತಿರುವ, ಕೊಲ್ಲಲಾಗದ ಒಂದು ಪ್ರಾಣಿ. ಆಡುವಾತ ಅವಳಾಗಿ ಅವಿತಿರಬೇಕು.

ಭೂತದ ಕಥೆಗಳನ್ನು ಕೇಳಿ ಬೆಳೆದ ನಾನು ಇಂಥದಕ್ಕೆ ಅಂಜುವುದುಂಟೆ ಎಂದು ಅವನ ಹಿಂದೆ ಕುಳಿತೆನು. ಬಹಳ ಹೊತ್ತು ಏನೂ ಕಾಣಿಸಲಿಲ್ಲ. ಆದರೂ ಅಂಗೈ ಬೆವೆತಿತು. ಕಣ್ಣು ಮುಚ್ಚಿದೆನು, ಭಯ ಇಮ್ಮಡಿಸಿತು. ಬಂದುದೆಲ್ಲ ಕಿವಿಯ ದಾರಿಯಿಂದ. ಎತ್ತಣಿಂದ ಬಂತೆಂದು ಹೇಳಲಾಗದ ತಗ್ಗುದನಿಯ ಮೊರೆತ. ಲೋಹ ನರಳಿದಂತಹ ಸದ್ದು. ತಲೆಯ ಮೇಲಿನ ಗಾಳಿಕೊಳವೆಯಲ್ಲಿ ಏನೋ ಹರಿದಾಡಿದ ಧಡಧಡ. ಹೇಮಾವತಿಯ ನೀರನ್ನು ಒಯ್ಯುವ ನಮ್ಮ ಬಾಗೂರು–ನವಿಲೆ ಸುರಂಗದ ಬಾಯಲ್ಲಿ ನಿಂತವರಿಗೆ ಅಂಥ ಮೊರೆತದ ಪರಿಚಯವಿದ್ದೀತು.

ಸಿನಿಮಾದಲ್ಲಿ ಸದ್ದಿನ ಜಾಗ ಮೊದಲೇ ಗೊತ್ತಾಗಿರುತ್ತದೆ. ಎರಡನೆಯ ಸಲ ನೋಡುವವನು ಸಿದ್ಧನಾಗಿರಬಲ್ಲ. ಆಟದಲ್ಲಿ ಸದ್ದು ಆಡುವವನ ನಡೆಯನ್ನು ಅನುಸರಿಸಿ ಹುಟ್ಟುತ್ತದೆ. ಓಡಿದರೆ ತನ್ನ ಹೆಜ್ಜೆಯೇ ತನಗೆ ವೈರಿ. 1999ರಲ್ಲಿ ಜಪಾನಿನಿಂದ ಬಂದ ‘ಸೈಲೆಂಟ್ ಹಿಲ್’ ಎಂಬ ಆಟದಲ್ಲಂತೂ, ಮಂಜು ಕವಿದ ಊರಿನಲ್ಲಿ ವಿಕಾರರೂಪಗಳು ಕಣ್ಣಿಗೆ ಬೀಳುವ ಮೊದಲೇ ಜೇಬಿನ ರೇಡಿಯೊ ಗರಗರಗುಟ್ಟುತ್ತದೆ.

ನನ್ನ ಬಾಲ್ಯದಲ್ಲಿ ನಮ್ಮೂರಿನ ರಾತ್ರಿಯೂ ಹೀಗೆಯೇ ಇದ್ದಿತು. ತೆಂಗಿನ ತೋಟದಲ್ಲಿ ಒಣಗಿದ ಗರಿ ಧೊಪ್ಪನೆ ಬಿದ್ದರೆ ಎದೆ ಝಲ್ಲೆನ್ನುತ್ತಿತ್ತು. ಪಕ್ಕದಲ್ಲಿ ಮಲಗಿದ ಅಮ್ಮ, “ಗರಿ ಕಣೋ, ಮಲಗು” ಎನ್ನುವಳು. ಅಟ್ಟದ ಮೇಲೆ ಸರಸರವೆಂದರೆ, “ಇಲಿ” ಎನ್ನುವಳು. ಹೆಸರು ದೊರೆತೊಡನೆ ಭಯ ತೊಲಗುತ್ತಿತ್ತು. ಆಟ ಕಟ್ಟುವವರಿಗೂ ಈ ಮರ್ಮ ತಿಳಿದಿದೆ. ಅವರು ಸದ್ದನ್ನು ಕೊಟ್ಟು ಹೆಸರನ್ನು ಬಚ್ಚಿಡುತ್ತಾರೆ.

ಅಷ್ಟರಲ್ಲಿ ಒಳಕೋಣೆಯಿಂದ ಅಮ್ಮ ಕೆಮ್ಮಿದಳು. ಹುಡುಗ ಬೆಚ್ಚಿಬಿದ್ದು, “ದೊಡ್ಡಪ್ಪ, ಅಜ್ಜಿಗೆ ಸ್ವಲ್ಪ ಹೊತ್ತು ಕೆಮ್ಮಬೇಡಿ ಅನ್ನಿ. ಅದಕ್ಕೆ ಕೇಳಿಸುತ್ತೆ!” ಎಂದು ಪಿಸುಗುಟ್ಟಿದನು. ಇದು ತಮಾಷೆಯಲ್ಲ. ಆ ಯಂತ್ರಕ್ಕೆ ಜೋಡಿಸುವ ಕ್ಯಾಮೆರಾದಲ್ಲಿ ಮೈಕ್ ಉಂಟು. ಬೇಕೆಂದರೆ ಮನೆಯ ಸದ್ದೂ ಆಟದೊಳಕ್ಕೆ ಹೋಗಿ, ಆ ಪ್ರಾಣಿ ಅದನ್ನು ಕೇಳಿಸಿಕೊಂಡು ಬರುತ್ತದೆ. ನಾನು ಎದ್ದು ಒಳಕೋಣೆಯ ಬಾಗಿಲನ್ನು ಮುಚ್ಚಿ ಬಂದೆನು.

ಕುಳಿತ ಮೇಲೆ ಬೇರೊಂದು ಭಯ ಹಿಡಿಯಿತು. ಎರಡು ವರ್ಷಗಳಿಂದ ನಾನು ಮಲಗುವುದು ಅಮ್ಮನ ಕೆಮ್ಮನ್ನು ಕೇಳುತ್ತ. ನಡುರಾತ್ರಿಯಲ್ಲಿ ನನಗೆ ಎಚ್ಚರವಾಗುವುದು ಅದು ಕೇಳಿಸಿತೆಂದಲ್ಲ, ಕೇಳಿಸಲಿಲ್ಲವೆಂದು. ಐದು ನಿಮಿಷ ಹೇಗೋ ತಡೆದೆನು. ಪರದೆಯ ಮೇಲಿನ ಪ್ರಾಣಿ ಎತ್ತ ಹೋಯಿತೋ ಕಾಣೆ. ಎದ್ದು ಹೋಗಿ ಬಾಗಿಲನ್ನು ಮೆಲ್ಲಗೆ ತೆರೆದೆನು. ಕೀಲು ಕಿರ್ರೆಂದಿತು.

“ಯಾರದು?” ಎಂದಳು ಅಮ್ಮ, ಕತ್ತಲಿನಿಂದ.

“ನಾನೇ ಕಣಮ್ಮ, ಮಲಗು.”

ಅವಳು ಮಗ್ಗುಲು ತಿರುಗಿ ಚೆನ್ನಾಗಿ ಕೆಮ್ಮಿದಳು. ನಡುಮನೆಯಲ್ಲಿ ಹುಡುಗ ಅಯ್ಯೋ ಎಂದು ಸೋತನು. ಬಾಗಿಲನ್ನು ಮಾತ್ರ ನಾನು ಮತ್ತೆ ಮುಚ್ಚಲಿಲ್ಲ.