ಮಂದ ಬೆಳಕಿಗೆ ನಿಧಾನದ ಫಿಲ್ಮ್ ಏಕೆ?

ಬೆಳಕು ಕಡಿಮೆ ಇದ್ದರೆ ವೇಗದ ಫಿಲ್ಮ್ ಹಾಕಬೇಕು. ಕ್ಯಾಮೆರಾ ಹಿಡಿಯಲು ಕಲಿಯುವವರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠಗಳಲ್ಲಿ ಇದೂ ಒಂದು. ಆದರೆ ಕಾಡು, ಕಣಿವೆ, ಮುಂಜಾವಿನ ಬೆಟ್ಟಗಳ ಚಿತ್ರಗಳಿಂದ ಹೆಸರಾದ ಅನೇಕ ಛಾಯಾಗ್ರಾಹಕರ ಚೀಲದಲ್ಲಿ ಇರುತ್ತಿದ್ದುದು ಇದಕ್ಕೆ ತದ್ವಿರುದ್ಧವಾದ ಸರಕು: 25, 50, 64 ವೇಗದ, ಅಂದರೆ ತೀರಾ ನಿಧಾನದ ಕಲರ್ ಫಿಲ್ಮ್. ಬಿಸಿಲೇ ಇಳಿಯದ ಮರಗಳ ಬುಡದಲ್ಲಿ ಕುಳಿತು ಇಂಥ ಫಿಲ್ಮ್ ಬಳಸುವುದು ಮೇಲುನೋಟಕ್ಕೆ ಹಟದಂತೆ ಕಾಣುತ್ತದೆ. ಅದರ ಹಿಂದೆ ಸ್ಪಷ್ಟವಾದ ಲೆಕ್ಕಾಚಾರವಿತ್ತು.

ಫಿಲ್ಮ್‌ನ ವೇಗ ಎಂದರೆ ಬೆಳಕಿಗೆ ಅದು ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರ ಅಳತೆ. ಡಬ್ಬಿಯ ಮೇಲಿನ ಐಎಸ್‌ಒ ಅಂಕಿ ಎರಡರಷ್ಟಾದರೆ ಅದಕ್ಕೆ ಬೇಕಾದ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಒಂದು ದೃಶ್ಯಕ್ಕೆ 400ರ ಫಿಲ್ಮ್‌ನಲ್ಲಿ ಸೆಕೆಂಡಿನ 60ನೇ ಒಂದು ಭಾಗ ಸಾಕಾದರೆ, ಅದೇ ದೃಶ್ಯಕ್ಕೆ 50ರ ಫಿಲ್ಮ್‌ನಲ್ಲಿ ಸುಮಾರು 8ನೇ ಒಂದು ಭಾಗದಷ್ಟು ಹೊತ್ತು ಷಟರ್ ತೆರೆದಿರಬೇಕು. ಅಷ್ಟು ಹೊತ್ತು ಕ್ಯಾಮೆರಾವನ್ನು ಅಲುಗಾಡದಂತೆ ಕೈಯಲ್ಲಿ ಹಿಡಿಯುವುದು ಬಹಳ ಕಷ್ಟ.

ಇಷ್ಟು ಕಷ್ಟಪಟ್ಟು ಸಿಗುವುದೇನು? ಉತ್ತರ ಫಿಲ್ಮ್‌ನ ಲೇಪದಲ್ಲಿದೆ. ಅದರಲ್ಲಿ ಬೆಳ್ಳಿಯ ಸಂಯುಕ್ತದ ಸೂಕ್ಷ್ಮ ಹರಳುಗಳು ಹರಡಿರುತ್ತವೆ. ಹರಳು ದೊಡ್ಡದಾದಷ್ಟೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಆದ್ದರಿಂದ ವೇಗದ ಫಿಲ್ಮ್‌ಗೆ ದೊಡ್ಡ ಹರಳುಗಳು ಬೇಕು. ಕಲರ್ ಫಿಲ್ಮ್ ತೊಳೆಯುವಾಗ ಬೆಳ್ಳಿ ಹೊರಟುಹೋಗಿ, ಅದರ ಜಾಗದ ಸುತ್ತ ಬಣ್ಣದ ಚುಕ್ಕೆಗಳು ಉಳಿಯುತ್ತವೆ. ಹರಳು ದೊಡ್ಡದಿದ್ದರೆ ಚುಕ್ಕೆಯೂ ದೊಡ್ಡದು. 35 ಎಂಎಂ ಫಿಲ್ಮ್‌ನ ಒಂದು ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಅದನ್ನು ಆರಡಿ ಅಗಲದ ಪರದೆಗೆ ಬಿಟ್ಟರೆ ಐವತ್ತು ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದಾಗಲೂ ಪಾಚಿಯ ಎಳೆ, ಎಲೆಯ ನರ, ಹಕ್ಕಿಯ ಗರಿ ಬಿಡಿಬಿಡಿಯಾಗಿ ಕಾಣಬೇಕಾದರೆ ಚುಕ್ಕೆಗಳು ಸಣ್ಣವಾಗಿರಲೇಬೇಕು. ನಿಧಾನದ ಫಿಲ್ಮ್ ಕೊಡುತ್ತಿದ್ದುದು ಈ ನುಣುಪನ್ನು.

ಬೆಳಕಿನ ಕೊರತೆಯನ್ನು ಸಮಯದಿಂದ ತುಂಬಬಹುದು ಎಂಬುದು ಲೆಕ್ಕದ ಇನ್ನೊಂದು ಭಾಗ. ಬಂಡೆ, ಮರದ ಕಾಂಡ, ಅಣಬೆ ಎಲ್ಲಿಗೂ ಓಡಿಹೋಗುವುದಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಗಾಳಿ ನಿಲ್ಲುವವರೆಗೆ ಕಾದು, ಕೇಬಲ್ ರಿಲೀಸ್ ಒತ್ತಿದರೆ ಅರ್ಧ ಸೆಕೆಂಡಾದರೂ ಚಿಂತೆಯಿಲ್ಲ. ಹರಿಯುವ ನೀರು ಮಾತ್ರ ಆ ಅವಧಿಯಲ್ಲಿ ರೇಷ್ಮೆಯ ಎಳೆಯಂತೆ ಮೂಡುತ್ತದೆ.

ಹಾಗಾದರೆ ಯಾವ ಫಿಲ್ಮ್? ದಶಕಗಳ ಕಾಲ ಇದಕ್ಕೆ ಉತ್ತರ ಕೊಡಾಕ್ ಕಂಪೆನಿಯ ಕೊಡಾಕ್ರೋಮ್ ಆಗಿತ್ತು. ಲಿಯೊಪೋಲ್ಡ್ ಗೊಡೊವ್‌ಸ್ಕಿ ಮತ್ತು ಲಿಯೊಪೋಲ್ಡ್ ಮ್ಯಾನ್ಸ್ ಎಂಬ ಇಬ್ಬರು ಸಂಗೀತಗಾರರು ರೂಪಿಸಿದ ಇದು 1935ರಲ್ಲಿ ಸಿನಿಮಾ ಫಿಲ್ಮ್ ಆಗಿಯೂ ಮರುವರ್ಷ ಸ್ಲೈಡ್ ಫಿಲ್ಮ್ ಆಗಿಯೂ ಬಂತು. ಬಣ್ಣ ಹುಟ್ಟಿಸುವ ರಾಸಾಯನಿಕ ಈ ಫಿಲ್ಮ್‌ನಲ್ಲಿ ಇರುತ್ತಿರಲಿಲ್ಲ, ತೊಳೆಯುವಾಗ ಸೇರಿಸಬೇಕಿತ್ತು. ಇದರಿಂದ ಲೇಪ ತೆಳುವಾಗಿ ಚಿತ್ರ ಹರಿತವಾಗುತ್ತಿತ್ತು. ಆದರೆ ತೊಳೆಯುವ ಕೆಲಸ ಬಹಳ ಜಟಿಲವಾಗಿದ್ದು, ಅದನ್ನು ಕೆಲವೇ ದೊಡ್ಡ ಲ್ಯಾಬ್‌ಗಳು ಮಾಡಬಲ್ಲವಾಗಿದ್ದವು.

1990ರಲ್ಲಿ ಜಪಾನಿನ ಫ್ಯೂಜಿ ಕಂಪೆನಿ 50ರ ವೇಗದ ವೆಲ್ವಿಯಾ ತಂದಾಗ ಚಿತ್ರ ಬದಲಾಯಿತು. ಅದನ್ನು ಇ–6 ಎಂಬ ಸಾಮಾನ್ಯ ವಿಧಾನದಲ್ಲಿ ಊರಿನ ಲ್ಯಾಬ್‌ನಲ್ಲೇ ತೊಳೆಸಬಹುದಿತ್ತು. ಜೊತೆಗೆ ಅದರ ಹಸಿರು, ಕೆಂಪುಗಳು ಗಾಢ. ಮೋಡದ ಮಂಕು ಬೆಳಕಿನಲ್ಲೂ ಒದ್ದೆ ಎಲೆ ಕಳೆಗಟ್ಟುತ್ತಿತ್ತು. ಪರ್ವತಗಳ ಚಿತ್ರಗಳಿಂದ ಹೆಸರಾದ ಅಮೆರಿಕದ ಗ್ಯಾಲೆನ್ ರೋವೆಲ್ ಕೊಡಾಕ್ರೋಮ್‌ನಿಂದ ಫ್ಯೂಜಿಯ ಕಡೆಗೆ ಹೊರಳಿದವರಲ್ಲಿ ಒಬ್ಬರು. ಮನುಷ್ಯರ ಮುಖಕ್ಕೆ ಮಾತ್ರ ವೆಲ್ವಿಯಾ ಒಗ್ಗುತ್ತಿರಲಿಲ್ಲ. ಚರ್ಮ ಕೆಂಪೇರಿದಂತೆ ಕಾಣುತ್ತಿತ್ತು. ನೆರಳು ಕಪ್ಪಾಗಿ ಮುಚ್ಚಿಹೋಗದಿರಲೆಂದು ಅನೇಕರು ಮೀಟರನ್ನು 50ರ ಬದಲು 40ಕ್ಕೆ ಇಟ್ಟುಕೊಳ್ಳುತ್ತಿದ್ದರು. ಸ್ಲೈಡ್ ಫಿಲ್ಮ್ ತಪ್ಪನ್ನು ಮನ್ನಿಸುವುದಿಲ್ಲ. ಬೆಳಕಿನ ಅಂದಾಜು ಅರ್ಧ ಸ್ಟಾಪ್‌ನಷ್ಟು ತಪ್ಪಿದರೂ ಗೊತ್ತಾಗಿಬಿಡುತ್ತದೆ.

ಕಾಲವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದೇ? ಅದಕ್ಕೂ ಮಿತಿಯಿದೆ. ಜರ್ಮನಿಯ ಖಗೋಳ ವಿಜ್ಞಾನಿ ಕಾರ್ಲ್ ಷ್ವಾರ್ಜ್‌ಶಿಲ್ಡ್ 19ನೇ ಶತಮಾನದ ಕೊನೆಯಲ್ಲಿ ನಕ್ಷತ್ರಗಳ ಬೆಳಕನ್ನು ಅಳೆಯುತ್ತಿದ್ದಾಗ ಇದನ್ನು ಅಧ್ಯಯನ ಮಾಡಿದರು. ಬೆಳಕು ತೀರಾ ಕ್ಷೀಣವಾಗಿದ್ದರೆ, ಹರಳಿನಲ್ಲಿ ಮೊದಲು ರೂಪುಗೊಂಡ ಬೆಳ್ಳಿಯ ಪರಮಾಣು ಜೊತೆಗಾರರು ಬರುವ ಮೊದಲೇ ಕರಗಿಹೋಗುತ್ತದೆ. ಆಗ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಬೆಳಕು ಕೊಡಬೇಕಾಗುತ್ತದೆ. ವೆಲ್ವಿಯಾ ಒಂದು ಸೆಕೆಂಡಿನವರೆಗೆ ಸರಿಯಾಗಿರುತ್ತದೆ; ಅದನ್ನು ದಾಟಿ ಕೆಲವು ಸೆಕೆಂಡುಗಳಾದರೆ ಬಣ್ಣ ಹಸಿರಿಗೆ ತಿರುಗತೊಡಗುತ್ತದೆ, ಸರಿಪಡಿಸಲು ಮಜೆಂಟಾ ಫಿಲ್ಟರ್ ಬೇಕು. ಒಂದು ನಿಮಿಷದಷ್ಟು ದೀರ್ಘ ಅವಧಿಗೆ ಬಳಸಬೇಡಿ ಎಂದು ತಯಾರಕರೇ ಹೇಳಿದ್ದಾರೆ. ಅದೇ ಕಂಪೆನಿಯ ಪ್ರೋವಿಯಾ 100ಎಫ್ ಎರಡು ನಿಮಿಷ ದಾಟುವವರೆಗೂ ತಿದ್ದುಪಡಿ ಕೇಳುವುದಿಲ್ಲ. ಹೀಗಾಗಿ ಮುಸ್ಸಂಜೆ ಕಳೆದ ಮೇಲಿನ ಚಿತ್ರಕ್ಕೆ ವೇಗದ ಅಂಕಿಯೊಂದನ್ನೇ ನೋಡಿದರೆ ಸಾಲದು. ದೀರ್ಘ ಅವಧಿಯಲ್ಲಿ ಫಿಲ್ಮ್ ಹೇಗೆ ವರ್ತಿಸುತ್ತದೆ ಎಂಬುದನ್ನೂ ತಿಳಿದಿರಬೇಕು.

ಪ್ರಾಣಿ, ಪಕ್ಷಿಗಳ ವಿಷಯ ಬೇರೆಯೇ. ಮುನ್ನೂರು ಮಿಲಿಮೀಟರ್ ಲೆನ್ಸನ್ನು ಕೈಯಲ್ಲಿ ಹಿಡಿದರೆ ಸೆಕೆಂಡಿನ 300ನೇ ಒಂದು ಭಾಗಕ್ಕಿಂತ ನಿಧಾನವಾಗಬಾರದು ಎಂಬುದು ರೂಢಿಯ ಲೆಕ್ಕ. ಟ್ರೈಪಾಡ್ ಕ್ಯಾಮೆರಾವನ್ನು ನಿಲ್ಲಿಸೀತು, ತಲೆಯೆತ್ತಿದ ಜಿಂಕೆಯನ್ನು ನಿಲ್ಲಿಸಲಾರದು. ಇಲ್ಲಿ 100ರ ಫಿಲ್ಮನ್ನು 200 ಎಂದು ಎಣಿಸಿ ತೆಗೆದು, ಲ್ಯಾಬ್‌ನಲ್ಲಿ ಹೆಚ್ಚು ಹೊತ್ತು ತೊಳೆಸುವುದು ಬುದ್ಧಿವಂತಿಕೆಯಾಗಿತ್ತು. ಒಮ್ಮೆ ಕ್ಯಾಮೆರಾಕ್ಕೆ ಹಾಕಿದ ರೋಲ್ 36 ಚಿತ್ರಗಳವರೆಗೂ ಸಾಮಾನ್ಯವಾಗಿ ಒಂದೇ ವೇಗದ್ದು. ಆದ್ದರಿಂದ ಆಯ್ಕೆ ಕಾಡಿಗೆ ಹೊರಡುವ ಮೊದಲೇ ಮುಗಿದಿರಬೇಕಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಐಎಸ್‌ಒ ಬದಲಿಸಬಹುದು. ಆದರೂ ಅಂಕಿ ಏರಿಸಿದಷ್ಟೂ ಚಿತ್ರ ಒರಟಾಗುತ್ತದೆಂಬ ಮಾತು ಅಲ್ಲಿಯೂ ಸುಳ್ಳಲ್ಲ.

ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. ಕಾರ್ಖಾನೆಯಿಂದ ಬಂದ ಕೊನೆಯ ರೋಲ್‌ನಲ್ಲಿ ಸ್ಟೀವ್ ಮೆಕರಿ 2010ರಲ್ಲಿ ತೆಗೆದ ಚಿತ್ರಗಳಲ್ಲಿ ಕೆಲವು ನಮ್ಮ ರಾಜಸ್ಥಾನದವು. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಾಸ್‌ನ ಪಾರ್ಸನ್ಸ್ ಪಟ್ಟಣದ್ದು, ಅದೇ ವರ್ಷದ ಡಿಸೆಂಬರ್ 30ರ ನಂತರ ಹೊಸ ರೋಲ್‌ಗಳನ್ನು ತೆಗೆದುಕೊಳ್ಳಲಿಲ್ಲ. ವೆಲ್ವಿಯಾ 50 ಕೆಲಕಾಲ ನಿಂತು 2007ರಲ್ಲಿ ಮರಳಿತು. ಕೊಡಾಕ್‌ನ ಎಕ್ಟಾಕ್ರೋಮ್ 2012ರಲ್ಲಿ ನಿಂತದ್ದು 2018ರಲ್ಲಿ ಮತ್ತೆ ಬಂತು.

ಹಳೆಯ ಸ್ಲೈಡ್‌ಗಳು ಮನೆಯಲ್ಲಿದ್ದರೆ ಚೌಕಟ್ಟಿನ ಮೇಲಿನ ಹೆಸರನ್ನೊಮ್ಮೆ ನೋಡುವುದು ಒಳ್ಳೆಯದು. ಕೊಡಾಕ್ರೋಮ್ ಕತ್ತಲೆಯ ಡಬ್ಬಿಯಲ್ಲಿ ದಶಕಗಟ್ಟಲೆ ಬಣ್ಣ ಉಳಿಸಿಕೊಳ್ಳುತ್ತದೆ, ಆದರೆ ಪ್ರೊಜೆಕ್ಟರ್‌ನ ತೀಕ್ಷ್ಣ ಬೆಳಕಿಗೆ ಬೇಗ ಮಾಸುತ್ತದೆ. ಅದನ್ನು ಪದೇಪದೇ ಪರದೆಯ ಮೇಲೆ ತೋರಿಸುವುದಕ್ಕಿಂತ ಒಮ್ಮೆ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳುವುದು ಮೇಲು. ಯಾವ ಸ್ಲೈಡೇ ಆಗಲಿ, ಮಳೆಗಾಲದ ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ. ಒಣಗಿದ, ತಂಪಾದ ಜಾಗದಲ್ಲಿಡಬೇಕು. ಅಂದು ತೆಗೆದ ಮರ, ತೊರೆಗಳಲ್ಲಿ ಕೆಲವು ಇಂದು ಆ ಜಾಗದಲ್ಲಿ ಇಲ್ಲದಿರಬಹುದು. ಅವುಗಳ ಎಲೆ, ಕಲ್ಲುಗಳ ವಿವರ ಆ ಪುಟ್ಟ ಚೌಕಟ್ಟಿನಲ್ಲಿ ಇನ್ನೂ ಉಳಿದಿದ್ದರೆ, ಮಂದ ಬೆಳಕಿನಲ್ಲಿ ಯಾರೋ ನಿಧಾನದ ಫಿಲ್ಮ್ ಹಾಕಿ ಗಾಳಿ ನಿಲ್ಲುವವರೆಗೆ ಕಾದದ್ದೇ ಅದಕ್ಕೆ ಕಾರಣ.