ಹಳೆಯ ಕ್ಲೇಮುಗಳಿಂದ ಹೊಸ ದರ: ಆರೋಗ್ಯ ಯೋಜನೆಗಳ ಲೆಕ್ಕ ಮತ್ತು ಗ್ರಾಮ ಪಂಚಾಯತ್

ಯಶಸ್ವಿನಿಯ ವಂತಿಗೆಯನ್ನು ಯಾವ ಆಧಾರದ ಮೇಲೆ ಏರಿಸುತ್ತಾರೆ, ಒಂದು ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ಇಂತಿಷ್ಟೇ ಹಣವೆಂದು ನಿಗದಿಪಡಿಸುವುದು ಹೇಗೆ ಎಂಬ ಪ್ರಶ್ನೆಗಳು ಗ್ರಾಮಸಭೆಗಳಲ್ಲಿ ಕೇಳಿಬರುವುದುಂಟು. ಉತ್ತರಿಸಬೇಕಾದವರು ಸದಸ್ಯರೇ ಆದುದರಿಂದ, ಈ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ದರದ ನಿರ್ಧಾರ ರಾಜ್ಯಮಟ್ಟದಲ್ಲಿ ಆಗುವುದಾದರೂ ಅದಕ್ಕೆ ಬೇಕಾದ ಮಾಹಿತಿ ಹುಟ್ಟುವುದು ನಮ್ಮ ಊರುಗಳಲ್ಲಿಯೇ.

ಅಡಿಕೆ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವವನು ಹಿಂದಿನ ಮೂರು ನಾಲ್ಕು ವರ್ಷಗಳ ಇಳುವರಿಯನ್ನು ವಿಚಾರಿಸದೆ ದರ ಹೇಳುವುದಿಲ್ಲ. ಕೊಳೆರೋಗ ಬಂದ ವರ್ಷವನ್ನೇ ಆಧಾರವಾಗಿಟ್ಟುಕೊಂಡರೆ ತೋಟದವನಿಗೆ ನಷ್ಟ. ಅದನ್ನು ಪೂರ್ತಿ ಮರೆತು ಲೆಕ್ಕ ಹಾಕಿದರೆ ಗುತ್ತಿಗೆದಾರನಿಗೆ ನಷ್ಟ. ಆರೋಗ್ಯ ಯೋಜನೆಯ ದರವೂ ಹೀಗೆಯೇ. ಹಿಂದಿನ ವರ್ಷಗಳಲ್ಲಿ ಸಾವಿರ ಸದಸ್ಯರಲ್ಲಿ ಎಷ್ಟು ಮಂದಿ ಚಿಕಿತ್ಸೆ ಪಡೆದರು, ಪ್ರತಿ ಚಿಕಿತ್ಸೆಗೆ ಸರಾಸರಿ ಎಷ್ಟು ಪಾವತಿಯಾಯಿತು ಎಂಬ ಎರಡು ಅಂಕಿಗಳನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ತಲಾ ವೆಚ್ಚ ದೊರೆಯುತ್ತದೆ. ಬೆಲೆಯೇರಿಕೆಯನ್ನೂ ಆಡಳಿತ ವೆಚ್ಚವನ್ನೂ ಅದಕ್ಕೆ ಕೂಡಿಸಲಾಗುತ್ತದೆ.

ಯಶಸ್ವಿನಿಯ ಆರಂಭದ ಮೂರು ವರ್ಷಗಳು ಇದಕ್ಕೆ ಒಳ್ಳೆಯ ನಿದರ್ಶನ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರ ಜೂನ್‌ನಲ್ಲಿ ಜಾರಿಗೆ ಬಂದ ಈ ಯೋಜನೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ವಂತಿಗೆ ಗೊತ್ತುಮಾಡಲಾಗಿತ್ತು. ಆಗ ಹಳೆಯ ಕ್ಲೇಮುಗಳೇ ಇರಲಿಲ್ಲ; ಗ್ರಾಮೀಣ ಸದಸ್ಯನೊಬ್ಬ ಎಷ್ಟು ಕೊಡಬಲ್ಲ ಎಂಬುದೇ ದರಕ್ಕೆ ಮುಖ್ಯ ಆಧಾರವಾಗಿತ್ತೆನ್ನಬಹುದು. ಮೊದಲ ವರ್ಷ ಸುಮಾರು 16 ಲಕ್ಷ ಸದಸ್ಯರಲ್ಲಿ 9 ಸಾವಿರದಷ್ಟು ಶಸ್ತ್ರಚಿಕಿತ್ಸೆಗಳು ನಡೆದು, ಸುಮಾರು 10.6 ಕೋಟಿ ರೂಪಾಯಿ ವೆಚ್ಚವಾಯಿತು. ಎರಡನೆಯ ವರ್ಷ ಸದಸ್ಯರು ಸುಮಾರು 21 ಲಕ್ಷ, ಶಸ್ತ್ರಚಿಕಿತ್ಸೆ 15 ಸಾವಿರ, ವೆಚ್ಚ 18.5 ಕೋಟಿ. ಮೂರನೆಯ ವರ್ಷ ವಂತಿಗೆ 120 ರೂಪಾಯಿಗೆ ಏರಿತು. ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಇಳಿಯಿತು. ಆದರೆ ಶಸ್ತ್ರಚಿಕಿತ್ಸೆಗಳು 19 ಸಾವಿರವನ್ನು ದಾಟಿದವು, ವೆಚ್ಚ 26 ಕೋಟಿಯಾಯಿತು.

ಈ ಅಂಕಿಗಳನ್ನು ಭಾಗಿಸಿ ನೋಡಬೇಕು. ಒಂದು ಶಸ್ತ್ರಚಿಕಿತ್ಸೆಯ ಸರಾಸರಿ ವೆಚ್ಚ ಮೊದಲ ವರ್ಷ 12 ಸಾವಿರಕ್ಕೆ ಸಮೀಪವಿದ್ದದ್ದು ಮೂರನೆಯ ವರ್ಷ 13 ಸಾವಿರದಷ್ಟಾಯಿತು, ಹೆಚ್ಚಳ ದೊಡ್ಡದಲ್ಲ. ಆದರೆ ಸಾವಿರ ಸದಸ್ಯರಿಗೆ ಶಸ್ತ್ರಚಿಕಿತ್ಸೆಗಳ ಪ್ರಮಾಣ 6ಕ್ಕಿಂತ ಕಡಿಮೆ ಇದ್ದದ್ದು 13ಕ್ಕೆ ಏರಿತು. ತಲಾ ವೆಚ್ಚ 66 ರೂಪಾಯಿಯಿಂದ 170 ರೂಪಾಯಿಯ ಮೇಲಕ್ಕೆ ಹೋಯಿತು. ಆಸ್ಪತ್ರೆಗಳು ದುಬಾರಿಯಾದುದೇ ಕಾರಣವೆಂದು ಮೇಲುನೋಟಕ್ಕೆ ಅನ್ನಿಸುವಲ್ಲಿ ನಿಜವಾದ ಕಾರಣ ಬೇರೆಯೇ ಆಗಿತ್ತು. ಯೋಜನೆಯ ಅರಿವು ಹರಡಿ, ಮುಂದೂಡಿಕೊಂಡು ಬಂದಿದ್ದ ಶಸ್ತ್ರಚಿಕಿತ್ಸೆಗಳು ನಡೆದದ್ದು ಒಂದು. ವಂತಿಗೆ ಹೆಚ್ಚಿದಾಗ ಆರೋಗ್ಯವಂತರು ಹೊರಗುಳಿದು, ಚಿಕಿತ್ಸೆ ಬೇಕಾದವರು ಉಳಿದುಕೊಳ್ಳುವ ಸಾಮಾನ್ಯ ಪ್ರವೃತ್ತಿ ಇನ್ನೊಂದು. ದರ ಏರಿಸಿದರೆ ಕೊರತೆ ತಾನಾಗಿ ತುಂಬುವುದಿಲ್ಲವೆಂಬುದನ್ನು ಇದರಿಂದ ಕಾಣಬಹುದು. ವಂತಿಗೆಯಿಂದ ತುಂಬದ ಭಾಗವನ್ನು ಸರ್ಕಾರ ಭರಿಸುತ್ತ ಬಂದಿತು. 2018ರಲ್ಲಿ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2022-23ರಲ್ಲಿ ಪುನಃ ಪ್ರತ್ಯೇಕವಾಗಿ ಆರಂಭವಾಯಿತು. ಆಗ ಗ್ರಾಮೀಣ ಪ್ರದೇಶದಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿಯೆಂದು, ಅಂದರೆ ವ್ಯಕ್ತಿಯ ಬದಲು ಕುಟುಂಬವನ್ನೇ ಘಟಕವಾಗಿ ಪರಿಗಣಿಸಿ, ವಂತಿಗೆ ನಿಗದಿಯಾಯಿತು. ಮನೆಮಂದಿಯೆಲ್ಲ ಸೇರಿದಾಗ ಕಾಯಿಲೆಯವರೊಂದಿಗೆ ಆರೋಗ್ಯವಂತರೂ ಸೇರುತ್ತಾರೆ. ಲೆಕ್ಕದ ದೃಷ್ಟಿಯಿಂದ ಇದು ವಿವೇಕದ ಕ್ರಮ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಫಲಾನುಭವಿಯಿಂದ ವಂತಿಗೆ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪ್ಯಾಕೇಜ್ ದರದಂತೆ ಆಸ್ಪತ್ರೆಗೆ ನೇರವಾಗಿ ಪಾವತಿಸುತ್ತದೆ. ಪ್ಯಾಕೇಜ್ ದರ ನೈಜ ವೆಚ್ಚಕ್ಕಿಂತ ಬಹಳ ಕೆಳಗಿದ್ದರೆ ಖಾಸಗಿ ಆಸ್ಪತ್ರೆ ಯೋಜನೆಯಿಂದ ದೂರ ಸರಿಯುತ್ತದೆ, ಇಲ್ಲವೇ ರೋಗಿಯಿಂದ ಹೆಚ್ಚುವರಿ ಹಣ ಕೇಳುತ್ತದೆ. ಬಹಳ ಮೇಲಿದ್ದರೆ ಅನಗತ್ಯ ಶಸ್ತ್ರಚಿಕಿತ್ಸೆಗೆ ಆಮಿಷವಾಗುತ್ತದೆ.

ಕ್ಲೇಮಿನ ಅಂಕಿಗಳನ್ನು ಬಳಸುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ವರ್ಷದ ಕೊನೆಯಲ್ಲಿ ಬಿಡುಗಡೆಯಾದ ರೋಗಿಯ ಕ್ಲೇಮು ಮಂಜೂರಾಗುವಾಗ ತಿಂಗಳುಗಳು ಕಳೆದಿರುತ್ತವೆ. ಅವಸರದಲ್ಲಿ ಲೆಕ್ಕ ಮುಗಿಸಿದರೆ ವೆಚ್ಚ ಕಡಿಮೆಯಾಗಿ ಕಾಣುತ್ತದೆ. ಒಂದೇ ವರ್ಷವನ್ನು ನಂಬುವಂತೆಯೂ ಇಲ್ಲ. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಹರಡಿದಂತಹ ವರ್ಷವೂ, ಅದು ಕಾಣಿಸಿಕೊಳ್ಳದ ವರ್ಷವೂ ಒಂದೇ ಅಲ್ಲ. ಮೂರು ಸಾವಿರ ಜನರ ಊರಿನಲ್ಲಿ, ಯಶಸ್ವಿನಿಯ ಮೊದಲ ವರ್ಷದ ಪ್ರಮಾಣದಂತೆ, ವರ್ಷಕ್ಕೆ 17 ಶಸ್ತ್ರಚಿಕಿತ್ಸೆಗಳಷ್ಟೇ ನಡೆಯುತ್ತವೆ. ಅದರಲ್ಲಿ ಎರಡು ಹೃದಯದ ಚಿಕಿತ್ಸೆಯಾದರೆ ಊರಿನ ಸರಾಸರಿಯೇ ತಲೆಕೆಳಗಾಗುತ್ತದೆ. ಆದ್ದರಿಂದಲೇ ಊರಿಗೊಂದು ದರ ಮಾಡುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು, ಕ್ಲೇಮು ಆಗದ ಕಾಯಿಲೆ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂಬ ಸಂಗತಿ. ಮನ್ಮನೆ ಭಾಗದ ಕೂಲಿಕಾರರೊಬ್ಬರು ಶಸ್ತ್ರಚಿಕಿತ್ಸೆಗೆಂದು ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ, ಕಾರ್ಡು ಜೊತೆಗಿಲ್ಲದೆ ಸಾಲ ಮಾಡಿ ನಗದು ಕಟ್ಟಿ ಬಂದರೆನ್ನೋಣ. ಅಂಕಿಅಂಶದ ಪ್ರಕಾರ ಅವರಿಗೆ ಕಾಯಿಲೆಯೇ ಬಂದಿಲ್ಲ. ದೂರವನ್ನು ನೆನೆದು ಚಿಕಿತ್ಸೆಗೇ ಹೋಗದವರದ್ದೂ ಇದೇ ಸ್ಥಿತಿ. ಆಸ್ಪತ್ರೆ ಹತ್ತಿರವಿರುವ ನಗರದಲ್ಲಿ ಕ್ಲೇಮು ಹೆಚ್ಚು, ಘಟ್ಟದ ಮೇಲಿನ ಚದುರಿದ ಮಜರೆಗಳಲ್ಲಿ ಕಡಿಮೆ. ಹಿಂದಿನ ಕ್ಲೇಮನ್ನಷ್ಟೇ ನೋಡಿ ಮುಂದಿನ ಹಣವನ್ನು ಹಂಚಿದರೆ, ಸೌಲಭ್ಯ ಇದ್ದಲ್ಲಿಗೇ ಹಣ ಹರಿಯುತ್ತದೆ. ಕಡಿಮೆ ಕ್ಲೇಮನ್ನು ಒಳ್ಳೆಯ ಆರೋಗ್ಯದ ಲಕ್ಷಣವೆಂದು ಓದುವುದು ಮಲೆನಾಡಿನ ಮಟ್ಟಿಗೆ ದೊಡ್ಡ ಅನ್ಯಾಯ.

ಇಲ್ಲಿ ಗ್ರಾಮ ಪಂಚಾಯತ್‌ಗೆ ಕೆಲಸವಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರ ನೆರವಿನಿಂದ, ಕಳೆದ ಒಂದು ವರ್ಷದಲ್ಲಿ ಆಸ್ಪತ್ರೆಗೆ ದಾಖಲಾದವರಲ್ಲಿ ಎಷ್ಟು ಮಂದಿ ಸ್ವಂತ ಹಣ ಕಟ್ಟಿದರು, ಏಕೆ ಎಂಬುದನ್ನು ಗುರುತಿಸಬಹುದು. ಕಾರ್ಡು ಇರಲಿಲ್ಲವೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಸಿಗಲಿಲ್ಲವೇ, ಆಸ್ಪತ್ರೆ ಯೋಜನೆಯಲ್ಲಿ ಇರಲಿಲ್ಲವೇ, ಆ ಚಿಕಿತ್ಸೆಯೇ ಪಟ್ಟಿಯಲ್ಲಿ ಇರಲಿಲ್ಲವೇ? ರೋಗಿಯ ಹೆಸರಾಗಲಿ ಕಾಯಿಲೆಯ ವಿವರವಾಗಲಿ ಸಭೆಯ ನಡಾವಳಿಯಲ್ಲಿ ಬರಬಾರದು. ಸಂಖ್ಯೆ ಮತ್ತು ಕಾರಣ ಸಾಕು. ಈ ಪಟ್ಟಿಯನ್ನು ಠರಾವಿನೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕಳುಹಿಸುವುದು. ಯಶಸ್ವಿನಿಯ ನೋಂದಣಿಯ ಅವಧಿಯಲ್ಲಿ ಸೇವಾ ಸಹಕಾರಿ ಸಂಘದ ಕಾರ್ಯದರ್ಶಿಗಳೊಂದಿಗೆ ಮಾತನಾಡಿ, ಕುಟುಂಬದ ಎಲ್ಲರ ಹೆಸರೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

ಬಿಡುಗಡೆಯ ವೇಳೆ ರೋಗಿಯ ಕಡೆಯವರು ತಾವು ಸಹಿ ಹಾಕುವ ಕಾಗದದಲ್ಲಿ ಬರೆದಿರುವ ಚಿಕಿತ್ಸೆಯನ್ನು ಓದಿಸಿಕೊಳ್ಳುವಂತೆಯೂ ತಿಳಿಸಬೇಕು. ನಡೆಯದ ಚಿಕಿತ್ಸೆಗೆ ಕ್ಲೇಮು ಹೋದರೆ ಅದೂ ಮುಂದಿನ ದರದ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯಬೇಕಾಗಿಲ್ಲವೆಂಬುದು ಹಲವರಿಗೆ ತಿಳಿದಿಲ್ಲ. ಇದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳುವುದು.