ಮಡೇರಾದ ಕಾಲುವೆ ಹಾದಿಗಳು

ಬೆಟ್ಟದ ಚಾರಣವೆಂದರೆ ಏರುವಾಗ ಏದುಸಿರು, ಇಳಿಯುವಾಗ ಮೊಣಕಾಲು ನೋವು ಎಂಬುದು ನಿಮ್ಮ ಅನುಭವವಾಗಿರಬಹುದು. ಇದಕ್ಕೆ ಹೊರತಾದ ಬೆಟ್ಟದ ದಾರಿಗಳು ಮಡೇರಾ ದ್ವೀಪದಲ್ಲಿವೆ. ಮೊರಾಕೊ ತೀರದಿಂದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿರುವ ಈ ಜ್ವಾಲಾಮುಖಿ ದ್ವೀಪ ಪೋರ್ಚುಗಲ್‌ಗೆ ಸೇರಿದ್ದು. ಉದ್ದ ಸುಮಾರು 57 ಕಿ.ಮೀ., ಅಗಲ ಹೆಚ್ಚೆಂದರೆ 22 ಕಿ.ಮೀ. ಇಷ್ಟು ಪುಟ್ಟ ನೆಲದಲ್ಲಿ ಪೀಕು ರುಯಿವು ಶಿಖರದ ಎತ್ತರ 1,860 ಮೀ.ಗೂ ಹೆಚ್ಚು. ಇಂಥ ಕಡಿದಾದ ಜಾಗದಲ್ಲಿ ಮೈಲಿಗಟ್ಟಲೆ ಸಮತಟ್ಟಾದ ದಾರಿ ಎಲ್ಲಿಂದ ಬಂತು?

ಅದನ್ನು ಮೊದಲು ಮಾಡಿದ್ದು ನೀರಿಗಾಗಿ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಬೆಟ್ಟಸಾಲಿಗೆ ತಾಗಿ ಮೇಲೇರಿ, ತಣಿದು, ಉತ್ತರದ ಮಗ್ಗುಲಲ್ಲಿ ಮಳೆ ಸುರಿಸುತ್ತವೆ. ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣದ ಮಗ್ಗುಲು ಒಣಗಿರುತ್ತದೆ. 15ನೇ ಶತಮಾನದಲ್ಲಿ ನೆಲೆಸಿದ ಪೋರ್ಚುಗೀಸರು ಅಲ್ಲಿ ಕಬ್ಬು ಬೆಳೆಯತೊಡಗಿದಾಗ ನೀರನ್ನು ದೂರದಿಂದ ತರಬೇಕಾಯಿತು. ಹೀಗೆ ಹುಟ್ಟಿದ ಕಾಲುವೆಗಳ ಹೆಸರು 'ಲೆವಾದ'. ಪೋರ್ಚುಗೀಸಿನಲ್ಲಿ 'ಲೆವಾರ್' ಎಂದರೆ ಒಯ್ಯುವುದು. ಪ್ರಪಾತದ ಅಂಚಿನಲ್ಲಿ ಹಗ್ಗಕ್ಕೆ ಕಟ್ಟಿದ ಬುಟ್ಟಿಗಳಲ್ಲಿ ತೂಗುತ್ತ ಬಂಡೆ ಕಡಿದವರಲ್ಲಿ ಗುಲಾಮರೂ ಇದ್ದರು, ಬಿದ್ದು ಸತ್ತವರೂ ಇದ್ದರು. ಕವಲುಗಳೂ ಸೇರಿ ಇವುಗಳ ಒಟ್ಟು ಉದ್ದ ಇಂದು ಸಾವಿರ ಕಿ.ಮೀ. ಮೀರುತ್ತದೆ. ಕಾಲುವೆಯ ಕಸ ತೆಗೆಯುವವರು ಓಡಾಡಲೆಂದು ಬಿಟ್ಟ ಪಕ್ಕದ ಕಿರುದಾರಿಯೇ ಈಗ ಚಾರಣಿಗರ ಹಾದಿ.

ಇಲ್ಲಿರುವ ಭೌತವಿಜ್ಞಾನವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅರ್ಧ ಮೀ. ಅಗಲದ ಸಿಮೆಂಟ್ ಕಾಲುವೆಯಲ್ಲಿ 30 ಸೆಂ.ಮೀ. ಆಳದ ನೀರಿದೆ, ಪ್ರತಿ 500 ಮೀ.ಗೆ 1 ಮೀ. ಇಳಿಜಾರಿದೆ ಎಂದುಕೊಳ್ಳಿ. 10 ಕಿ.ಮೀ. ಸಾಗುವಾಗ ನೀರು 20 ಮೀ. ಕೆಳಗಿಳಿಯುತ್ತದೆ. ಘರ್ಷಣೆಯೇ ಇಲ್ಲದಿದ್ದರೆ ಕೊನೆಯಲ್ಲಿ ಅದರ ವೇಗ ಗಂಟೆಗೆ ಸುಮಾರು 70 ಕಿ.ಮೀ. ಆಗಬೇಕಿತ್ತು! ವಾಸ್ತವದಲ್ಲಿ ತಳ ಮತ್ತು ಗೋಡೆಗಳ ಘರ್ಷಣೆ ಗುರುತ್ವದ ಸೆಳೆತವನ್ನು ಸರಿದೂಗಿಸುವುದರಿಂದ, ನೀರು ಸೆಕೆಂಡಿಗೆ ಸುಮಾರು 0.8 ಮೀ. ವೇಗದಲ್ಲೇ ಉದ್ದಕ್ಕೂ ಸಾಗುತ್ತದೆ. ಇದು ನಿಧಾನವಾಗಿ ನಡೆಯುವ ಮನುಷ್ಯನ ವೇಗ. ಸೆಕೆಂಡಿಗೆ ಸಿಗುವ ನೀರು ಸುಮಾರು 120 ಲೀಟರ್.

ಇಳಿಜಾರು ಹೆಚ್ಚಿಸಿ ಬೇಗ ಹರಿಸಬಾರದೇಕೆ? ವೇಗವು ಇಳಿಜಾರಿನ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡರಷ್ಟಾಗಲು ಇಳಿಜಾರು ನಾಲ್ಕರಷ್ಟಾಗಬೇಕು. ಆಗ 10 ಕಿ.ಮೀ.ಗೆ 80 ಮೀ. ಎತ್ತರ ಕಳೆದುಹೋಗುತ್ತದೆ. ಕಾಲುವೆಗಿಂತ ಮೇಲಿರುವ ಹೊಲಕ್ಕೆ ನೀರು ತಾನಾಗಿ ಏರದು. ಹೆಚ್ಚುವರಿಯಾಗಿ ಇಳಿದ 60 ಮೀ. ಎತ್ತರದ ಪಟ್ಟಿಯಲ್ಲಿರುವ ಮೆಟ್ಟಿಲು ಹೊಲಗಳೆಲ್ಲ ಒಣಗಿದಂತೆಯೇ. 20ನೇ ಶತಮಾನದ ನಡುವಿನಿಂದ ಕೆಲವು ದೊಡ್ಡ ಲೆವಾದಗಳು ಜಲವಿದ್ಯುತ್ತಿಗೂ ನೀರೊದಗಿಸುತ್ತಿವೆ. ಸೆಕೆಂಡಿಗೆ 100 ಲೀಟರ್ ನೀರು 60 ಮೀ. ಬಿದ್ದರೆ ಸಿಗಬಹುದಾದ ಸಾಮರ್ಥ್ಯ ಸುಮಾರು 59 ಕಿಲೋವಾಟ್. ಇಳಿಜಾರು ತೀರ ಕಡಿಮೆಯಾದರೆ ಇನ್ನೊಂದು ತೊಂದರೆ: ಹೂಳು ತಳದಲ್ಲಿ ಕುಳಿತುಬಿಡುತ್ತದೆ. ಈ ಸೂತ್ರಗಳು ಬರುವ ಎಷ್ಟೋ ಮೊದಲೇ ಅಲ್ಲಿನ ಕೆಲಸಗಾರರು ಹದ ಕಂಡುಕೊಂಡಿದ್ದರು. ನಮ್ಮ ವಿದ್ಯಾರ್ಥಿಗಳಿಗೆ ವರ್ಗಮೂಲ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನೀರು ಹಂಚುವವನನ್ನು ಅಲ್ಲಿ 'ಲೆವಾದೇರೊ' ಎನ್ನುತ್ತಾರೆ. ಸರದಿಯ ಪ್ರಕಾರ, ಗಂಟೆಯ ಲೆಕ್ಕದಲ್ಲಿ ಅವನು ತೂಬು ತೆರೆದು ಮುಚ್ಚುತ್ತಾನೆ. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಹೆಚ್ಚು ವಿವರಣೆ ಬೇಡ.

ಕಾಲುವೆಗೆ ನೀರು ಬರುವುದು ಮಳೆಯಿಂದ ಮಾತ್ರವಲ್ಲ. ಮೋಡದ ಹನಿಗಳು ಬಹಳ ಸಣ್ಣವು, ತಾವಾಗಿ ನೆಲಕ್ಕೆ ಬೀಳಲಾರವು. ಗಾಳಿಯೊಡನೆ ತೇಲಿ ಹೋಗುತ್ತವೆ. ಎಲೆಗೆ ತಾಗಿದರೆ ಒಂದಕ್ಕೊಂದು ಕೂಡಿ ದೊಡ್ಡದಾಗಿ ತೊಟ್ಟಿಕ್ಕುತ್ತವೆ. ಬಯಲಿನಲ್ಲಿಟ್ಟ ಮಳೆಮಾಪಕಕ್ಕೆ ಈ ನೀರು ಲೆಕ್ಕ ಸಿಗುವುದಿಲ್ಲ. ಮಡೇರಾದಲ್ಲಿ ಈ ಕೆಲಸ ಮಾಡುವ ಲಾರೆಲ್ ಕಾಡು ಸುಮಾರು 15,000 ಹೆಕ್ಟೇರ್ ಇದ್ದು, 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2024ರ ಆಗಸ್ಟ್‌ನಲ್ಲಿ ದ್ವೀಪದ ನಡುವಿನ ಬೆಟ್ಟಗಳಲ್ಲಿ ಹೊತ್ತಿದ ಕಾಳ್ಗಿಚ್ಚು ಹತ್ತು ದಿನಕ್ಕೂ ಹೆಚ್ಚು ಉರಿಯಿತು. ಲಾರೆಲ್ ಕಾಡಿನ ಬಹುಭಾಗ ಉಳಿಯಿತಾದರೂ ಅದರ ಅಂಚಿಗೆ ಬೆಂಕಿ ತಲಪಿದ್ದೇ ಎಚ್ಚರಿಕೆಯ ವಿಷಯ. ಮರ ಹೋದರೆ ಮೋಡದ ನೀರೂ ಹೋಗುತ್ತದೆ, ಮಳೆ ಬಂದಾಗ ಸಡಿಲಗೊಂಡ ಮಣ್ಣುಕಲ್ಲು ನೇರವಾಗಿ ಕಾಲುವೆಗೆ ಜಾರುತ್ತದೆ.

ನೀವೇನಾದರೂ ಅಲ್ಲಿಗೆ ಹೋದರೆ ರಬಸಾಲ್‌ನ 'ಇಪ್ಪತ್ತೈದು ಬುಗ್ಗೆ'ಗಳ ಹಾದಿಯಲ್ಲೋ, ಕಾಲ್ದೆರಾವ್ ವೆರ್ದೆ ಜಲಪಾತದ ಹಾದಿಯಲ್ಲೋ ನಡೆಯಿರಿ. ದಾರಿ ತೆರೆದಿದೆಯೇ ಎಂದು ಮೊದಲು ವಿಚಾರಿಸಿ. ಜಲಪಾತದ ಹಾದಿಯಲ್ಲಿ ಸುರಂಗಗಳಿರುವುದರಿಂದ ಟಾರ್ಚ್ ಬೇಕೇ ಬೇಕು. ದಾರಿ ಸಮತಟ್ಟು ನಿಜ, ಆದರೆ ಕೆಲವೆಡೆ ಅಗಲ ಒಂದೆರಡು ಅಡಿ ಮಾತ್ರ, ಪಕ್ಕದಲ್ಲಿ ಪ್ರಪಾತ. ಕಣ್ಣು ಕಾಲಿನ ಮೇಲಿರಲಿ.

ಸುರಕ್ಷಿತ ಜಾಗ ಸಿಕ್ಕಾಗ ಒಂದು ಒಣ ಎಲೆಯನ್ನು ನೀರಿಗೆ ಬಿಡಿ. 10 ಮೀ. ಸಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರದಲ್ಲಿ ನೋಡಿ. ಮೇಲ್ಪದರದ ನೀರು ಸರಾಸರಿಗಿಂತ ತುಸು ವೇಗವಾಗಿ ಹರಿಯುವುದರಿಂದ, ಬಂದ ವೇಗವನ್ನು 0.85ರಿಂದ ಗುಣಿಸಿ. ಮೇಲಿನ ಲೆಕ್ಕದ ಕಾಲುವೆಯಾದರೆ ಎಲೆಗೆ ಸುಮಾರು 11 ಸೆಕೆಂಡು ಬೇಕು. ಮಡೇರಾ ದೂರವೆನಿಸಿದರೆ ನಿಮ್ಮೂರಿನ ತೋಟದ ಕಾಲುವೆಯಲ್ಲೂ ಇದನ್ನು ಮಾಡಬಹುದು.